ಮಲೆನಾಡಿನ ಶಾಲೆಯಲ್ಲಿ ವಿಧಿವಿಜ್ಞಾನದ ಮೊದಲ ಪಾಠಗಳು

ಕಳ್ಳತನದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು’ ಎಂಬ ಸಾಲು ಕೊನೆಯಲ್ಲಿ ಇದ್ದೇ ಇರುತ್ತದೆ. ಆ ಪರಿಶೀಲನೆಯಲ್ಲಿ ನಡೆಯುವುದೇನು, ಅದರಲ್ಲಿ ವಿಜ್ಞಾನದ ಪಾಲೆಷ್ಟು ಎಂಬುದನ್ನು ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ತಮ್ಮ ಶಾಲೆಯಲ್ಲೇ ಮಾಡಿ ತಿಳಿಯಬಹುದು. ಅದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಶಾಲೆಗಳಲ್ಲಿ ಸುಲಭವಾಗಿ ಸಿಗುವ ಸಾಮಗ್ರಿಗಳನ್ನೇ ಗಮನದಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯವೊಂದನ್ನು ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಅವರ ಹೆಸರಿನಲ್ಲಿ ಒಂದು ತತ್ತ್ವ ಪ್ರಸಿದ್ಧವಾಗಿದೆ. ಎರಡು ವಸ್ತುಗಳು ಪರಸ್ಪರ ತಾಗಿದಾಗ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಏನಾದರೂ ಅಂಟಿಕೊಳ್ಳುತ್ತದೆ ಎಂಬುದೇ ಅದರ ಸಾರ. ಗದ್ದೆಯ ಅಂಚಿನಲ್ಲಿ ನಡೆದು ಬಂದವನ ಚಪ್ಪಲಿಯಲ್ಲಿ ಕೆಸರಿರುತ್ತದೆ, ಅಂಚಿನ ಕೆಸರಿನಲ್ಲಿ ಚಪ್ಪಲಿಯ ಗುರುತಿರುತ್ತದೆ. ಅಪರಾಧ ತನಿಖೆಗೆ ನೆರವಾಗುವ ವಿಧಿವಿಜ್ಞಾನದ (ಫೊರೆನ್ಸಿಕ್ ಸೈನ್ಸ್) ಬಹುಪಾಲು ಕೆಲಸ ಈ ಕೊಡುಕೊಳ್ಳುವಿಕೆಯನ್ನು ಹುಡುಕಿ, ಕೆಡದಂತೆ ಎತ್ತಿ, ಹೋಲಿಸಿ ನೋಡುವುದೇ ಆಗಿದೆ. ಪುಡಿ, ದ್ರಾವಣ, ಸೂಕ್ಷ್ಮದರ್ಶಕಗಳು ಮಕ್ಕಳ ಮನಸ್ಸನ್ನು ಬೇಗ ಸೆಳೆಯುತ್ತವೆ. ಆದರೂ ಕಂಡದ್ದನ್ನು ಮುಟ್ಟುವ ಮೊದಲೇ ಬರೆದಿಡುವುದು ಮತ್ತು ಸಾಕ್ಷ್ಯ ಎಷ್ಟು ಹೇಳುತ್ತದೆಯೋ ಅಷ್ಟನ್ನೇ ಹೇಳುವುದು ಈ ವಿದ್ಯೆಯ ಜೀವಾಳವೆಂದು ನಾನು ನಂಬಿದ್ದೇನೆ. ಮುಂದಿನ ಪ್ರತಿಯೊಂದು ಚಟುವಟಿಕೆಯೂ ಈ ಎರಡು ಅಭ್ಯಾಸಗಳನ್ನು ಬೆಳೆಸುವುದಕ್ಕಾಗಿಯೇ ಇದೆ.

ಕಲ್ಪಿತ ಪ್ರಕರಣವನ್ನು ಸಿದ್ಧಪಡಿಸುವುದು

ಮಲೆನಾಡಿನಲ್ಲಿ ಎಲ್ಲರಿಗೂ ಅರ್ಥವಾಗುವ ಕಳ್ಳತನವೆಂದರೆ ಅಡಿಕೆಯದು. ಶಾಲೆಯ ಒಂದು ಮೂಲೆಯನ್ನು ಕೊಯ್ಲಿನ ಮನೆಯ ಅಂಗಳವೆಂದು ಭಾವಿಸಿ, ಅಲ್ಲಿ ಅಡಿಕೆಯ ಸಣ್ಣ ಚೀಲವೊಂದನ್ನು ಇಟ್ಟಿದ್ದು, ಅದು ಕಾಣೆಯಾಗಿದೆ ಎಂಬ ಕಥೆಯನ್ನು ಶಿಕ್ಷಕರು ಹೆಣೆಯಲಿ. ಪಾಲಿಷ್ ಮಾಡಿದ ಹಿತ್ತಾಳೆ ಚೊಂಬು, ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆ, ನೆಲದ ಮೇಲೆ ಕೆಂಪು ಹನಿಗಳು, ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಚೀಟಿ, ಇಷ್ಟು ಸಾಕು. ‘ಶಂಕಿತರು’ ಶಿಕ್ಷಕರೇ ಆಗಿರುವುದು ಲೇಸು. ಮೂವರು ಶಿಕ್ಷಕರು ಒಪ್ಪಿ ತಮ್ಮ ಬೆರಳಚ್ಚು, ಚಪ್ಪಲಿ, ಪೆನ್ನುಗಳನ್ನು ಕೊಟ್ಟರೆ ಮಕ್ಕಳ ನಡುವೆ ಮನಸ್ತಾಪಕ್ಕೆ ಅವಕಾಶವಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕಾಗಿದೆ. ಶಾಲೆಯಲ್ಲಿ ನಿಜವಾಗಿಯೇ ಯಾರದೋ ಹಣವೋ ಪೆನ್ನೋ ಕಳೆದುಹೋದಾಗ, ‘ನಾವೇ ಬೆರಳಚ್ಚು ತೆಗೆದು ನೋಡೋಣ’ ಎಂದು ಹೊರಡುವುದು ಸರ್ವಥಾ ಸಲ್ಲದು. ಎರಡು ದಿನ ಕಲಿತ ವಿದ್ಯೆಯಿಂದ ಸಹಪಾಠಿಯೊಬ್ಬರಿಗೆ ಕಳ್ಳರೆಂಬ ಹಣೆಪಟ್ಟಿ ಬಿದ್ದರೆ ಅದು ಶಾಲೆ ಬಿಟ್ಟ ಮೇಲೂ ಹೋಗುವುದಿಲ್ಲ.

ಸ್ಥಳ ಮಹಜರು

ವಿದ್ಯಾರ್ಥಿಗಳನ್ನು ನಾಲ್ಕೈದು ಮಂದಿಯ ತಂಡಗಳನ್ನಾಗಿ ಮಾಡಿ, ಒಬ್ಬರಿಗೆ ಬರವಣಿಗೆ, ಒಬ್ಬರಿಗೆ ನಕ್ಷೆ, ಒಬ್ಬರಿಗೆ ಛಾಯಾಚಿತ್ರ, ಉಳಿದವರಿಗೆ ಸಂಗ್ರಹದ ಹೊಣೆ ಕೊಡಬೇಕು. ಜಾಗಕ್ಕೆ ಸುತ್ತ ಹಗ್ಗ ಕಟ್ಟಿ, ಒಳಹೋಗಲು ಒಂದೇ ದಾರಿ ಗುರುತಿಸಿ, ಎಲ್ಲರೂ ಅದೇ ದಾರಿಯಲ್ಲಿ ಹೋಗಿಬರಬೇಕು. ಮೊದಲ ಹತ್ತು ನಿಮಿಷ ಯಾರೂ ಏನನ್ನೂ ಮುಟ್ಟಬಾರದು. ಈ ಹತ್ತು ನಿಮಿಷ ಮಕ್ಕಳಿಗೆ ಬಹಳ ಕಷ್ಟವಾಗುತ್ತದೆಯಾದ್ದರಿಂದಲೇ ಅದನ್ನು ಸಡಿಲಿಸಬಾರದು.

ಪೊಲೀಸರು ಪಂಚರ ಸಮಕ್ಷಮದಲ್ಲಿ ಬರೆಯುವ ಮಹಜರಿನ ಮಾದರಿಯಲ್ಲೇ ದಿನಾಂಕ, ಆರಂಭದ ಸಮಯ, ಮಳೆಯೋ ಬಿಸಿಲೋ, ಹಾಜರಿದ್ದವರು ಯಾರು, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದರಿಂದ ಬರವಣಿಗೆ ತೊಡಗಲಿ. ನಕ್ಷೆಗೆ ಎರಡು ಕದಲದ ಗುರುತುಗಳನ್ನು, ಉದಾಹರಣೆಗೆ ಕಂಬವೊಂದನ್ನೂ ಗೋಡೆಯ ಮೂಲೆಯನ್ನೂ ಆರಿಸಿಕೊಂಡು, ಪ್ರತಿ ವಸ್ತುವಿಗೆ ಎರಡೂ ಕಡೆಯಿಂದ ಅಳತೆ ತೆಗೆಯಬೇಕು. ಹೀಗೆ ಮಾಡಿದರೆ ವಸ್ತುವನ್ನು ಎತ್ತಿದ ಮೇಲೂ ಅದು ಇದ್ದ ಜಾಗವನ್ನು ಕಂಪಾಸಿನಿಂದ ಕಾಗದದ ಮೇಲೆ ಮತ್ತೆ ಗುರುತಿಸಬಹುದು. ‘ಚೊಂಬು ಬಾಗಿಲ ಹತ್ತಿರ ಇತ್ತು’ ಎಂಬ ವಾಕ್ಯವನ್ನು ಶಿಕ್ಷಕರು ಒಪ್ಪಬಾರದು. ಹತ್ತಿರವೆಂದರೆ ಎಷ್ಟು ಸೆಂಟಿಮೀಟರ್, ಬಾಯಿ ಯಾವ ದಿಕ್ಕಿಗಿತ್ತು ಎಂಬುದು ಬೇಕು.

ಸಂಗ್ರಹಿಸಿದ ಒಂದೊಂದು ವಸ್ತುವಿಗೂ ಪ್ರತ್ಯೇಕ ಲಕೋಟೆ, ಅದರ ಮೇಲೆ ಕ್ರಮಸಂಖ್ಯೆ, ಜಾಗ, ಸಮಯ, ಎತ್ತಿದವರ ಸಹಿ ಇರಬೇಕು. ಲಕೋಟೆ ಕಾಗದದ್ದೇ ಆಗಿರಲಿ. ಒದ್ದೆಯಾದ ಬಟ್ಟೆಯನ್ನೋ ಎಲೆಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜವಾದ ಪ್ರಕರಣಗಳಲ್ಲಿಯೂ ರಕ್ತ ತಾಗಿದ ಬಟ್ಟೆಯನ್ನು ನೆರಳಿನಲ್ಲಿ ಗಾಳಿಗೆ ಆರಿಸಿ, ಕಾಗದದಲ್ಲಿ ಸುತ್ತಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಲಕೋಟೆಯ ಬಾಯಿಗೆ ಅಂಟುಪಟ್ಟಿ ಹಚ್ಚಿ, ಪಟ್ಟಿ ಮತ್ತು ಕಾಗದ ಎರಡರ ಮೇಲೂ ಹಾಯುವಂತೆ ಸಹಿ ಮಾಡಬೇಕು. ಲಕೋಟೆ ಒಬ್ಬರಿಂದ ಒಬ್ಬರ ಕೈಗೆ ಹೋದಾಗಲೆಲ್ಲ ಒಂದು ಪುಸ್ತಕದಲ್ಲಿ ಕೊಟ್ಟವರ, ಪಡೆದವರ ಹೆಸರು ಮತ್ತು ವೇಳೆಯನ್ನು ಬರೆಯಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ನ್ಯಾಯಾಲಯದಲ್ಲಿ ಸಾಕ್ಷ್ಯದ ಮೇಲೆ ಅನುಮಾನ ಎದ್ದು ನಿಲ್ಲುತ್ತದೆ. ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ, ಪರೀಕ್ಷೆಗೆ ಒಳಗಾದದ್ದು ಸ್ಥಳದಲ್ಲಿ ಸಿಕ್ಕ ವಸ್ತುವೇ ಎಂದು ತೋರಿಸಲಾಗದಿದ್ದರೆ ಪ್ರಯೋಜನವಿಲ್ಲ.

ಬೆರಳಚ್ಚು

ಬೆರಳಚ್ಚಿನ ಚರಿತ್ರೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರರಿಂದ ಕರಾರಿನ ಮೇಲೆ ಅಂಗೈಯ ಗುರುತು ಹಾಕಿಸಿಕೊಂಡರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಬಂದಿದ್ದರೂ, ಅದರ ಗಣಿತವನ್ನೂ ಕ್ರಮವನ್ನೂ ಕಟ್ಟಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಹೆಸರುಗಳನ್ನು ನಮ್ಮ ಮಕ್ಕಳು ಕಡ್ಡಾಯವಾಗಿ ತಿಳಿದಿರಬೇಕು.

ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲೇ ರೂಪುಗೊಂಡು ಜೀವನಪೂರ್ತಿ ಅದೇ ವಿನ್ಯಾಸದಲ್ಲಿ ಉಳಿಯುತ್ತವೆ. ಒಂದೇ ಡಿಎನ್‌ಎ ಹೊಂದಿರುವ ಅವಳಿಗಳಲ್ಲೂ ಬೆರಳಚ್ಚು ಬೇರೆ ಬೇರೆ. ವಿನ್ಯಾಸಗಳಲ್ಲಿ ಮುಖ್ಯವಾದವು ಮೂರು. ಗೆರೆ ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆಗೆ ಹಿಂದಿರುಗಿದರೆ ಕುಣಿಕೆ, ಸುತ್ತು ಹಾಕಿದರೆ ಸುಳಿ, ಒಂದು ಕಡೆಯಿಂದ ಹೊರಟು ನಡುವೆ ಉಬ್ಬಿ ಇನ್ನೊಂದು ಕಡೆಗೆ ಹೋದರೆ ಕಮಾನು. ಕುಣಿಕೆಗಳು ಸುಮಾರು ನೂರಕ್ಕೆ 60ರಿಂದ 65, ಸುಳಿಗಳು 30ರಿಂದ 35, ಕಮಾನುಗಳು 5ರ ಆಸುಪಾಸು ಕಾಣಸಿಗುತ್ತವೆ. ತರಗತಿಯ ಎಲ್ಲರ ಹತ್ತು ಬೆರಳುಗಳನ್ನು ಎಣಿಸಿ ಈ ಪ್ರಮಾಣ ಹೊಂದುತ್ತದೆಯೇ ಎಂದು ನೋಡುವುದು ಒಳ್ಳೆಯ ಆರಂಭ. ವಿನ್ಯಾಸ ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಎಂದಾಗುವುದಿಲ್ಲ. ಗೆರೆ ಎಲ್ಲಿ ಕೊನೆಗೊಂಡಿದೆ, ಎಲ್ಲಿ ಕವಲೊಡೆದಿದೆ, ಎಲ್ಲಿ ಚುಕ್ಕೆಯಾಗಿ ನಿಂತಿದೆ ಎಂಬ ಸೂಕ್ಷ್ಮಗಳ ಹೋಲಿಕೆಯೇ ಗುರುತಿಸುವಿಕೆಗೆ ಆಧಾರ.

ಈಗ ಚೊಂಬಿನತ್ತ ಬರೋಣ. ಬೆರಳ ತುದಿಯಲ್ಲಿ ಬೆವರಿನ ಗ್ರಂಥಿಗಳಿವೆಯೇ ಹೊರತು ಎಣ್ಣೆಯ ಗ್ರಂಥಿಗಳಿಲ್ಲ. ಮುಖ ಒರೆಸಿಕೊಂಡಾಗ, ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಸವರಿಕೊಂಡಾಗ ಜಿಡ್ಡು ಬೆರಳಿಗೆ ಬರುತ್ತದೆ. ಆ ಜಿಡ್ಡು ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆಯ ಮೇಲೆ ಗೆರೆಗೆರೆಯಾಗಿ ಕೂರುತ್ತದೆ. ಚೊಂಬನ್ನು ಕಂಠದ ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿದರೆ ಪುಡಿ ಹಾಕುವ ಮೊದಲೇ ಅಚ್ಚು ಮಂಕಾಗಿ ಕಾಣುತ್ತದೆ. ಅದು ಎಲ್ಲಿದೆ ಎಂದು ಬರೆದುಕೊಂಡು, ಚಿತ್ರ ತೆಗೆದು, ಬಳಿಕ ಪುಡಿಗೆ ಕೈಹಾಕಬೇಕು. ತಿಳಿಬಣ್ಣದ ಅಥವಾ ಹೊಳೆಯುವ ಮೇಲ್ಮೈಗೆ ದೀಪದ ಮಸಿ, ಕಪ್ಪು ಮೇಲ್ಮೈಗೆ ಟಾಲ್ಕಂ ಪೌಡರ್ ಹೊಂದುತ್ತದೆ. ಮಸಿಯನ್ನು ಶಿಕ್ಷಕರೇ ಮುಂಚಿತವಾಗಿ ಹಿಡಿದಿಟ್ಟಿರಲಿ, ಪುಡಿ ಹಾಕುವವರು ಮಾಸ್ಕ್ ಧರಿಸಲಿ. ಮೃದುವಾದ ಮೇಕಪ್ ಬ್ರಷ್ಷಿನ ತುದಿಗೆ ಸ್ವಲ್ಪವೇ ಪುಡಿ ತಾಗಿಸಿ, ಕೊಡವಿ, ಕೂದಲ ತುದಿಯಷ್ಟೇ ಸೋಕುವಂತೆ ಆಡಿಸಬೇಕು. ಗೆರೆ ಮೂಡುತ್ತಿದ್ದಂತೆ ಬ್ರಷ್ಷನ್ನು ಗೆರೆಗಳ ಹರಿವಿನ ದಿಕ್ಕಿಗೆ ತಿರುಗಿಸಿಕೊಳ್ಳಬೇಕು. ಒತ್ತಿದರೆ ಅಚ್ಚು ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಪುಡಿಯೇ ತೇವ ಹೀರಿ ಗಂಟಾಗುವುದರಿಂದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು. ಅಚ್ಚು ಸ್ಪಷ್ಟವಾದ ಮೇಲೆ ಪಾರದರ್ಶಕ ಟೇಪನ್ನು ಒಂದು ಕಡೆಯಿಂದ ಗುಳ್ಳೆ ಬರದಂತೆ ಹಚ್ಚಿ, ಒಂದೇ ಎಳೆತದಲ್ಲಿ ಎತ್ತಿ, ಬಿಳಿ ಕಾರ್ಡಿಗೆ ಅಂಟಿಸಬೇಕು.

ಹೋಲಿಕೆಗೆ ಶಂಕಿತರ ಅಚ್ಚನ್ನು ಸ್ಟಾಂಪ್ ಪ್ಯಾಡಿನ ಶಾಯಿಯಿಂದಲೇ ಪಡೆಯಬೇಕು. ಅನೇಕ ಶಾಲೆಗಳಲ್ಲಿ ಬೆರಳಿಗೆ ಪೆನ್ಸಿಲ್ ಸೀಸ ಬಳಿದು, ಟೇಪನ್ನು ಬೆರಳಿಗೇ ಹಚ್ಚಿ ಎತ್ತುವ ರೂಢಿಯಿದೆ. ಹಾಗೆ ಎತ್ತಿದ್ದನ್ನು ಕಾರ್ಡಿಗೆ ಅಂಟಿಸಿದರೆ ಎಡಬಲ ಅದಲುಬದಲಾದ ಚಿತ್ರ ಬರುತ್ತದೆ. ಚೊಂಬಿನಿಂದ ಎತ್ತಿದ ಅಚ್ಚೂ ಶಾಯಿಯ ಅಚ್ಚೂ ಬೆರಳಿನ ಕನ್ನಡಿಬಿಂಬಗಳಾದರೆ, ಬೆರಳಿನಿಂದ ನೇರವಾಗಿ ಟೇಪಿಗೆ ಬಂದದ್ದು ಬೆರಳು ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಎಡಕ್ಕೆ ತೆರೆದ ಕುಣಿಕೆ ಬಲಕ್ಕೆ ತೆರೆದಂತೆ ಕಂಡು, ನಿಜವಾಗಿ ಮುಟ್ಟಿದವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಪೆನ್ಸಿಲ್ ಸೀಸದ ವಿಧಾನವನ್ನೇ ಬಳಸಬೇಕಾದರೆ ಟೇಪನ್ನು ಪಾರದರ್ಶಕ ಹಾಳೆಗೆ ಅಂಟಿಸಿ, ಹಾಳೆಯನ್ನು ಮಗುಚಿ ನೋಡಬೇಕು.

ಕೈಗೆಲಸ ಹೆಚ್ಚು ಮಾಡುವವರ ಬೆರಳಿನ ಗೆರೆಗಳು ಸವೆದು ಮಂಕಾಗುತ್ತವೆ. ಪಡಿತರ ಅಂಗಡಿಯ ಯಂತ್ರ ಕೂಲಿಕಾರರ ಹೆಬ್ಬೆರಳನ್ನು ಗುರುತಿಸದೆ ಸತಾಯಿಸುವುದನ್ನು ಎಷ್ಟೋ ಮಕ್ಕಳು ಕಂಡಿರುತ್ತಾರೆ. ಅಯೋಡಿನ್ ಹೊಗೆ, ಸೂಪರ್‌ಗ್ಲೂ ಹೊಗೆ, ಕಾಗದದ ಮೇಲಿನ ಅಚ್ಚನ್ನು ನೇರಳೆ ಬಣ್ಣಕ್ಕೆ ತರುವ ನಿನ್‌ಹೈಡ್ರಿನ್ ಮೊದಲಾದ ವಿಧಾನಗಳು ತಜ್ಞರಿಗೇ ಮೀಸಲಾಗಿರಲಿ.

ಒದ್ದೆ ಮಣ್ಣಿನ ಹೆಜ್ಜೆ

ಹೆಜ್ಜೆಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ನೆಲಕ್ಕೆ ಲಂಬವಾಗಿ ಹಿಡಿದು ಚಿತ್ರ ತೆಗೆಯುವುದು ಮೊದಲ ಕೆಲಸ. ಓರೆಯಾಗಿ ತೆಗೆದರೆ ಅಳತೆ ತಪ್ಪುತ್ತದೆ. ಆಮೇಲೆ ಅಡಿಕೆ ಹಾಳೆಯನ್ನು ಮೂರು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಹೆಜ್ಜೆಯ ಸುತ್ತ ಅಂಗುಲದಷ್ಟು ಜಾಗ ಬಿಟ್ಟು ಬೇಲಿಯಂತೆ ಊರಬೇಕು. ಹಾಳೆ ಬಾಗುತ್ತದೆ, ಮುರಿಯುವುದಿಲ್ಲ, ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ. ಹೆಜ್ಜೆಯಲ್ಲಿ ನೀರು ನಿಂತಿದ್ದರೆ ಡ್ರಾಪರಿನಿಂದ ಅಂಚಿನಲ್ಲಿ ಮೆಲ್ಲಗೆ ಹೀರಿ ತೆಗೆಯಬೇಕು. ಮಣ್ಣಿಗೆ ಅಂಟಿಕೊಂಡ ಕಡ್ಡಿ ಎಲೆಗಳನ್ನು ಕೀಳಬಾರದು, ತುಳಿದಾಗಲೇ ಅವು ಒಳಗೆ ಸೇರಿದ್ದರೆ ಕೀಳುವಾಗ ಗುರುತೂ ಕಿತ್ತುಬರುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಎರಡು ಪಾಲು, ನೀರು ಒಂದು ಪಾಲು ಎಂಬ ಲೆಕ್ಕದಲ್ಲಿ, ಪುಡಿಯನ್ನು ನೀರಿಗೆ ಉದುರಿಸುತ್ತ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಅದನ್ನು ಹೆಜ್ಜೆಯ ಮೇಲೆ ನೇರವಾಗಿ ಸುರಿದರೆ ಗೆರೆಗಳು ಕೊಚ್ಚಿಹೋಗುತ್ತವೆ. ಆದ್ದರಿಂದ ಹಾಳೆಯ ಅಂಚಿನ ಬಳಿ ಒಂದು ಚಮಚವನ್ನು ಮಗುಚಿ ಹಿಡಿದು, ಅದರ ಬೆನ್ನ ಮೇಲೆ ಹುಯ್ದು, ತಾನಾಗಿಯೇ ಹೆಜ್ಜೆಯೊಳಕ್ಕೆ ಹರಿಯಲು ಬಿಡಬೇಕು. ಸುಮಾರು ಎರಡು ಸೆಂಟಿಮೀಟರ್ ದಪ್ಪ ಇರಲಿ. ಗಟ್ಟಿಯಾಗುವ ಮುನ್ನ ಕಡ್ಡಿಯಿಂದ ಕ್ರಮಸಂಖ್ಯೆ, ದಿನಾಂಕ ಮತ್ತು ಉತ್ತರ ದಿಕ್ಕನ್ನು ಗೀರಬೇಕು. ಅರ್ಧ ಗಂಟೆಗೆ ಎತ್ತಬಹುದಾದರೂ ಜುಲೈ ತಿಂಗಳಲ್ಲಿ ಒಂದು ಗಂಟೆ ಕಾಯುವುದು ಕ್ಷೇಮ. ಎತ್ತಿದ ಕೂಡಲೇ ಮಣ್ಣು ತೊಳೆಯದೆ, ಎರಡು ಮೂರು ದಿನ ಗಾಳಿಯಾಡುವ ಜಾಗದಲ್ಲಿ ಒಣಗಿಸಿ, ಬಳಿಕ ಹಳೆಯ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಬೇಕು. ಮಿಕ್ಕ ಪ್ಲಾಸ್ಟರನ್ನು ತೊಟ್ಟಿಯ ಕೊಳವೆಗೆ ಸುರಿಯಬಾರದು. ಗಟ್ಟಿಯಾಗುವಾಗ ಅದು ಬಿಸಿಯಾಗುವುದರಿಂದ ಕೈಯನ್ನು ಅದರೊಳಗೆ ಇಡಲೂಬಾರದು.

ಅಚ್ಚು ಕೈಗೆ ಬಂದ ಮೇಲೆ ಎರಡು ಬಗೆಯ ಲಕ್ಷಣಗಳನ್ನು ಬೇರ್ಪಡಿಸಿ ಬರೆಯುವುದನ್ನು ಕಲಿಸಬೇಕು. ಎಂಟನೇ ನಂಬರಿನ ಹವಾಯಿ ಚಪ್ಪಲಿ, ಅಡಿಯಲ್ಲಿ ಚೌಕಳಿ ವಿನ್ಯಾಸ ಎಂಬುದು ಸಾವಿರಾರು ಜೋಡಿಗಳಿಗೆ ಒಪ್ಪುವ ಸಾಮಾನ್ಯ ಲಕ್ಷಣ. ಹಿಮ್ಮಡಿಯ ಹೊರ ಅಂಚು ಸವೆದಿರುವುದು, ಬಾರು ಕಿತ್ತುಬರದಂತೆ ಚುಚ್ಚಿದ ಪಿನ್ನಿನ ಗುರುತು, ಗಾಜು ಹೊಕ್ಕ ಸೀಳು, ಇವು ಆ ಒಂದು ಚಪ್ಪಲಿಯತ್ತ ಬೆರಳು ತೋರಿಸುವ ವಿಶೇಷ ಲಕ್ಷಣಗಳು. ಮೊದಲನೆಯದು ಹೊಂದದಿದ್ದರೆ ಆ ಚಪ್ಪಲಿಯನ್ನು ಕೈಬಿಡಬಹುದು, ಹೊಂದಿದರೆ ಇನ್ನೂ ಏನೂ ಸಾಬೀತಾದಂತಲ್ಲ.

ಬರಿಗಾಲಿನ ಹೆಜ್ಜೆಯಿಂದ ಎತ್ತರವನ್ನು ಅಂದಾಜು ಮಾಡುವ ಲೆಕ್ಕವೂ ಇದೆ. ಪಾದದ ಉದ್ದ ಎತ್ತರದ ಸುಮಾರು ನೂರಕ್ಕೆ 15 ಪಾಲು ಇರುತ್ತದೆ. 24 ಸೆಂಟಿಮೀಟರ್ ಪಾದಕ್ಕೆ ಎತ್ತರ 160 ಸೆಂಟಿಮೀಟರ್ ಆಸುಪಾಸು. ತರಗತಿಯ ಎಲ್ಲರ ಪಾದ ಮತ್ತು ಎತ್ತರ ಅಳೆದು ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಇಟ್ಟರೆ, ಒಂದೇ ಪಾದದ ಅಳತೆಯವರಲ್ಲಿ ಎತ್ತರ ಎಷ್ಟು ಹೆಚ್ಚುಕಮ್ಮಿ ಇರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬೆಳೆಯುವ ವಯಸ್ಸಿನವರಲ್ಲಂತೂ ಈ ವ್ಯತ್ಯಾಸ ಇನ್ನೂ ಹೆಚ್ಚು.

ಚಪ್ಪಲಿಗೆ ಮೆತ್ತಿದ ಮಣ್ಣನ್ನೂ ಬಿಡಬಾರದು. ಗದ್ದೆ, ಅಡಿಕೆ ತೋಟ, ರಸ್ತೆಬದಿಯ ಜಂಬಿಟ್ಟಿಗೆ ಮಣ್ಣು, ತುಂಗೆಯ ದಡದ ಮರಳು, ಇವುಗಳ ಮಾದರಿಗಳನ್ನು ಒಣಗಿಸಿ, ಬಿಳಿ ಕಾಗದದ ಮೇಲೆ ಬಣ್ಣ ಹೋಲಿಸಿ, ಭೂತಗನ್ನಡಿಯಲ್ಲಿ ಕಣಗಳನ್ನು ನೋಡಿ, ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಒಂದು ದಿನ ಅಲುಗಿಸದೆ ಇಡಬೇಕು. ಮರಳು ತಳದಲ್ಲಿ, ಅದರ ಮೇಲೆ ಗೋಡು, ಎಲ್ಲಕ್ಕಿಂತ ಮೇಲೆ ಜೇಡಿ ಪದರಗಳಾಗಿ ನಿಲ್ಲುತ್ತವೆ, ಎಲೆಗೊಬ್ಬರದ ಚೂರುಗಳು ತೇಲುತ್ತವೆ.

ಕೆಂಪು ಕಲೆ ಎಲ್ಲವೂ ರಕ್ತವಲ್ಲ

ಶಾಲೆಯಲ್ಲಿ ಮನುಷ್ಯರದಾಗಲಿ ಪ್ರಾಣಿಗಳದಾಗಲಿ ನಿಜವಾದ ರಕ್ತವನ್ನು ಬಳಸಲೇಬಾರದು. ಬಳಸುವ ಅಗತ್ಯವೂ ಇಲ್ಲ, ಏಕೆಂದರೆ ರಕ್ತವೆಂದು ಭ್ರಮೆ ಹುಟ್ಟಿಸುವ ವಸ್ತುಗಳೇ ಇಲ್ಲಿ ಹೆಚ್ಚಿನ ಪಾಠ ಕಲಿಸುತ್ತವೆ. ಆರತಿಗೆ ಮಾಡುವ ಓಕುಳಿ ನೀರು ಅರಿಸಿನಕ್ಕೆ ಸುಣ್ಣ ಬೆರೆತು ಕೆಂಪಾದದ್ದು. ಅದರ ಹನಿಗೆ ನಿಂಬೆರಸ ಬಿಟ್ಟರೆ ಹಳದಿಗೆ ತಿರುಗುತ್ತದೆ. ಕವಳ ಹಾಕಿ ಉಗಿದ ಕಲೆ, ಮುರುಗಲು ಹಣ್ಣಿನ ರಸ, ಇವೂ ಒಣಗಿದ ಮೇಲೆ ಮೇಲ್ನೋಟಕ್ಕೆ ಮೋಸ ಮಾಡುತ್ತವೆ. ಕೆಂಪು ಕಂಡ ಕೂಡಲೇ ‘ರಕ್ತದ ಕಲೆ ಪತ್ತೆ’ ಎಂದು ಬರೆಯದೆ ‘ಕೆಂಪುಮಿಶ್ರಿತ ಕಂದು ಬಣ್ಣದ ಕಲೆ, ಅಗಲ ಇಷ್ಟು’ ಎಂದು ಬರೆಯುವುದನ್ನು ರೂಢಿಸಬೇಕು.

ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ರಕ್ತಕ್ಕೆ ತಾಗಿದರೆ ನೊರೆ ಬರುತ್ತದೆ ಎಂಬುದು ಹಲವರಿಗೆ ಗೊತ್ತಿದೆ. ಅದೇ ದ್ರಾವಣವನ್ನು ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಹನಿಸಿ ನೋಡಿದರೆ ಅಲ್ಲಿಯೂ ನೊರೆ ಏಳುತ್ತದೆ, ಏಕೆಂದರೆ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವ ಗಿಡಗಳಲ್ಲೂ ಇದೆ. ತಜ್ಞರು ಸ್ಥಳದಲ್ಲಿ ಮಾಡುವ ಬಣ್ಣದ ಪರೀಕ್ಷೆಗಳೂ ಹೀಗೆ ‘ರಕ್ತವಿರಬಹುದು’ ಎಂಬಲ್ಲಿಗೆ ನಿಲ್ಲುತ್ತವೆ. ಅದು ರಕ್ತವೇ, ಮನುಷ್ಯನದೇ, ಯಾರದು ಎಂಬುದಕ್ಕೆ ಪ್ರಯೋಗಾಲಯದಲ್ಲಿ ಬೇರೆ ಬೇರೆ ಪರೀಕ್ಷೆಗಳಾಗಬೇಕು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಕಂಡುಕೊಂಡ ಡಿಎನ್‌ಎ ಬೆರಳಚ್ಚಿನ ವಿಧಾನ, ಮತ್ತು ಅದನ್ನು ಭಾರತದಲ್ಲಿ ನೆಲೆಗೊಳಿಸಿದ ಹೈದರಾಬಾದಿನ ಲಾಲ್‌ಜಿ ಸಿಂಗ್ ಅವರ ಕೆಲಸ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದವರ ಕಾಲುಚೀಲದಲ್ಲಿ ಇಂಬಳ ಕಚ್ಚಿದ ರಕ್ತ ಧಾರಾಳವಾಗಿರುತ್ತದೆ, ಅದರ ಜೊಲ್ಲಿನಲ್ಲಿರುವ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ರಕ್ತ ನಿಜ, ಮನುಷ್ಯರದ್ದೂ ನಿಜ, ಅಪರಾಧ ಮಾತ್ರ ನಡೆದಿಲ್ಲ.

ಹನಿಯ ಆಕಾರದಿಂದ ಅದು ಬಿದ್ದ ಕೋನವನ್ನು ಕಂಡುಹಿಡಿಯುವುದಕ್ಕೆ ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು. ಮುರುಗಲು ರಸಕ್ಕೆ ಸ್ವಲ್ಪ ಗಂಜಿ ಬೆರೆಸಿ ಮಂದ ಮಾಡಿ, ಇಳಿಜಾರಾಗಿ ನಿಲ್ಲಿಸಿದ ರಟ್ಟಿನ ಮೇಲೆ ಹನಿಸಬೇಕು. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಬರುವುದು ಆ ಕೋನದ ಸೈನ್. ಅಗಲ 6 ಮಿಲಿಮೀಟರ್, ಉದ್ದ 12 ಮಿಲಿಮೀಟರ್ ಆದರೆ ಬೆಲೆ 0.5, ಕೋನ 30 ಡಿಗ್ರಿ. ಬಾಲದಂತೆ ಎಳೆದ ಭಾಗವನ್ನು ಉದ್ದಕ್ಕೆ ಸೇರಿಸಬಾರದು.

ಚೀಟಿಯ ಶಾಯಿ

ಇದು ಸುಲಭ. ಸೋಸುಕಾಗದದ ಪಟ್ಟಿಯ ತಳದಿಂದ ಎರಡು ಸೆಂಟಿಮೀಟರ್ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಶಂಕಿತರ ಸ್ಕೆಚ್ ಪೆನ್ನುಗಳ ಮತ್ತು ಚೀಟಿಯ ಶಾಯಿಯ ಚುಕ್ಕೆಗಳನ್ನು ಅದರ ಮೇಲಿಟ್ಟು, ಚುಕ್ಕೆ ಮುಳುಗದಷ್ಟು ನೀರಿರುವ ಲೋಟದಲ್ಲಿ ನಿಲ್ಲಿಸಬೇಕು. ನೀರು ಏರಿದಂತೆ ಬಣ್ಣಗಳು ಬೇರ್ಪಡುತ್ತವೆ. ನೀರು 8 ಸೆಂಟಿಮೀಟರ್ ಏರಿದಾಗ ನೀಲಿ 6 ಸೆಂಟಿಮೀಟರ್ ಏರಿದ್ದರೆ ಅದರ ಅನುಪಾತ 0.75. ಬಾಲ್‌ಪೆನ್ನಿನ ಶಾಯಿ ನೀರಿನಲ್ಲಿ ಕರಗದು, ಅದಕ್ಕೆ ಸ್ಪಿರಿಟ್ ಬೇಕು. ಅದನ್ನು ಬೆಂಕಿಯಿಂದ ದೂರವಿಟ್ಟು ಶಿಕ್ಷಕರೇ ಮಾಡಿ ತೋರಿಸಲಿ.

ವರದಿ ಬರೆಯುವುದು

ವರದಿಯಲ್ಲಿ ಕಂಡದ್ದು ಒಂದು ಕಡೆ, ಅದರಿಂದ ಊಹಿಸಿದ್ದು ಇನ್ನೊಂದು ಕಡೆ ಇರಬೇಕು. ತೀರ್ಮಾನಕ್ಕೆ ಮೂರು ಬಗೆಯ ವಾಕ್ಯಗಳು ಸಾಕಾಗುತ್ತವೆ: ಹೊಂದುತ್ತದೆ, ಹೊಂದುವುದಿಲ್ಲ, ಹೇಳಲು ಸಾಕಷ್ಟು ಆಧಾರವಿಲ್ಲ. ಮೂರನೆಯ ಉತ್ತರ ಬರೆದ ತಂಡಕ್ಕೆ ಅಂಕ ಕಡಿಮೆ ಕೊಡಬಾರದು. ಚೊಂಬಿನ ಮೇಲೆ ಶಿಕ್ಷಕರೊಬ್ಬರ ಬೆರಳಚ್ಚು ಸಿಕ್ಕಿತೆಂದರೆ ಅವರು ಯಾವಾಗಲೋ ಒಮ್ಮೆ ಚೊಂಬನ್ನು ಮುಟ್ಟಿದ್ದಾರೆ ಎಂದಷ್ಟೇ ಅರ್ಥ. ಅಡಿಕೆ ಚೀಲ ಒಯ್ದವರು ಅವರೇ ಎಂಬುದನ್ನು ಬೆರಳಚ್ಚು ಹೇಳುವುದಿಲ್ಲ. ನ್ಯಾಯಾಲಯದಲ್ಲಿಯೂ ತಜ್ಞರ ಮಾತನ್ನು ಅಭಿಪ್ರಾಯವೆಂದೇ ಸ್ವೀಕರಿಸುತ್ತಾರೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಆ ಅಭಿಪ್ರಾಯಕ್ಕೆ ಜಾಗ ಕೊಟ್ಟಿದೆ, ತೀರ್ಪು ನ್ಯಾಯಾಧೀಶರದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ಣವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶವಿದೆ. ಹೀಗಾಗಿ ಈ ಕ್ಷೇತ್ರಕ್ಕೆ ಕಲಿತವರು ಬೇಕಾಗಿದ್ದಾರೆ. ಆಸಕ್ತಿ ಇರುವವರು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ರಸಾಯನಶಾಸ್ತ್ರವನ್ನು ಗಟ್ಟಿಮಾಡಿಕೊಳ್ಳಲಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಆವರಣ ಧಾರವಾಡದಲ್ಲೇ ಇದೆ.

ಒಂದು ತಂಡದ ವರದಿಯನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಲಕೋಟೆಗಳನ್ನೂ ನಕ್ಷೆಯನ್ನೂ ಮಾತ್ರ ನೋಡಿ ಅದೇ ತೀರ್ಮಾನಕ್ಕೆ ಬರಲು ಸಾಧ್ಯವೇ ಎಂದು ಪರೀಕ್ಷಿಸಬೇಕು. ಸಾಧ್ಯವಾಗದಿದ್ದರೆ ಯಾವ ಅಳತೆ ಬಿಟ್ಟುಹೋಗಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಬೆರಳಚ್ಚಿನ ಕಾರ್ಡುಗಳನ್ನು ಗೋಡೆಗೆ ಅಂಟಿಸುವುದು, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇಡ. ಬೆರಳಚ್ಚು ಕೊಡಲು ಒಪ್ಪದ ವಿದ್ಯಾರ್ಥಿಯನ್ನು ಒತ್ತಾಯಿಸುವುದೂ ಬೇಡ. ಚಟುವಟಿಕೆ ಮುಗಿದ ದಿನವೇ ಪ್ರತಿಯೊಂದು ಕಾರ್ಡನ್ನೂ ಅದರ ಒಡೆಯರ ಕೈಗೆ ಹಿಂದಿರುಗಿಸಿ, ಹಿಂದಿರುಗಿಸಿದ್ದಕ್ಕೆ ಅದೇ ಪುಸ್ತಕದಲ್ಲಿ ಸಹಿ ಪಡೆದುಕೊಳ್ಳಬೇಕು.